ಒಂದೇ ಸಲ ಬೆಳೆದ ಬಹುಮತ

1984ರ ಡಿಸೆಂಬರ್ ಕೊನೆಗೆ ಲೋಕಸಭೆ ಚುನಾವಣೆಯ ಮತ ಎಣಿಕೆ ಮುಗಿದಾಗ ಕರ್ನಾಟಕದ 28 ಕ್ಷೇತ್ರಗಳಲ್ಲಿ 24 ಕಾಂಗ್ರೆಸ್ಸಿನ ಪಾಲಾಗಿದ್ದವು. ರಾಜ್ಯವನ್ನು ಆಳುತ್ತಿದ್ದ ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕು. ಎರಡು ತಿಂಗಳು ಕಳೆದು ಮಾರ್ಚ್ ಮೊದಲ ವಾರದಲ್ಲಿ ಅದೇ ಮತದಾರರು ಅದೇ ಶಾಲೆಗಳ ಮುಂದೆ ಮತ್ತೆ ಸಾಲಿನಲ್ಲಿ ನಿಂತರು. ಈ ಸಲ ವಿಧಾನಸಭೆಯ 224 ಸ್ಥಾನಗಳಲ್ಲಿ 139 ಜನತಾ ಪಕ್ಷಕ್ಕೆ ಹೋದವು. ದಿಲ್ಲಿಗೆ ರಾಜೀವ್ ಗಾಂಧಿ, ಬೆಂಗಳೂರಿಗೆ ರಾಮಕೃಷ್ಣ ಹೆಗಡೆ ಎಂದು ಜನ ಎರಡು ಬೇರೆ ಬೇರೆ ತೀರ್ಪು ಬರೆದಿದ್ದರು. ಕಾಗದದ ಮತಪತ್ರ, ಮರದ ಸೀಲು, ಬೆರಳಿಗೆ ಶಾಯಿ. ಎರಡೂ ಸಲ ಸಾಮಗ್ರಿ ಒಂದೇ. ಬದಲಾದದ್ದು ಕೇಳಿದ ಪ್ರಶ್ನೆ.

ಏಕೀಕರಣದ ನಂತರದ ವಿಧಾನಸಭೆ ಚುನಾವಣೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತರೆ ಈ 139ರ ಬೆಲೆ ತಿಳಿಯುತ್ತದೆ. ಅಧಿಕಾರದಲ್ಲಿದ್ದುಕೊಂಡೇ ಜನರ ಮುಂದೆ ಹೋಗಿ, ಕೈಯಲ್ಲಿದ್ದ ಸೀಟಿಗಿಂತ ಹೆಚ್ಚು ಸೀಟು ತಂದ ಪಕ್ಷ ಈ ರಾಜ್ಯದಲ್ಲಿ ಒಂದೇ, ಅದೂ ಒಂದೇ ಸಲ. 1957ರಲ್ಲಿ 150 ಗೆದ್ದಿದ್ದ ಕಾಂಗ್ರೆಸ್ 1962ಕ್ಕೆ 138, 1967ಕ್ಕೆ 126 ಎಂದು ಇಳಿಯುತ್ತ ಬಂತು. ಅಧಿಕಾರ ಉಳಿಯಿತು, ಸಂಖ್ಯೆ ಕರಗಿತು. 1972ರಲ್ಲಿ ದೇವರಾಜ ಅರಸರ ಕಾಂಗ್ರೆಸ್ 165 ಗೆದ್ದದ್ದು ನಿಜ. ಆದರೆ ಆಗ ರಾಜ್ಯದಲ್ಲಿ ಇದ್ದದ್ದು ರಾಷ್ಟ್ರಪತಿ ಆಳ್ವಿಕೆ, ಅದಕ್ಕೂ ಮುಂಚೆ ಆಳಿದ್ದು ಎದುರಾಳಿ ಬಣವಾದ ಸಂಸ್ಥಾ ಕಾಂಗ್ರೆಸ್. 1978ರಲ್ಲಿ ಸದನ 216ರಿಂದ 224ಕ್ಕೆ ಹಿಗ್ಗಿದರೂ ಅರಸರ ಪಕ್ಷಕ್ಕೆ ಬಂದದ್ದು 149. ಬಿಜೆಪಿ 2004ರ 79ರಿಂದ 2008ರಲ್ಲಿ 110ಕ್ಕೆ ಏರಿದಾಗಲೂ ರಾಜ್ಯ ರಾಜ್ಯಪಾಲರ ಕೈಯಲ್ಲಿತ್ತು. 1985ರ ನಂತರವಂತೂ ಆಳುವ ಪಕ್ಷ ಇಲ್ಲಿ ಮರಳಿ ಗೆದ್ದದ್ದೇ ಇಲ್ಲ, ಬೆಳೆಯುವ ಮಾತು ದೂರವೇ ಉಳಿಯಿತು.

ಈಗಿನ ವಿಧಾನಸಭೆಯ ಅವಧಿ 2028ರ ಮೇ ತಿಂಗಳಿಗೆ ಮುಗಿಯುತ್ತದೆ. 2023ರಲ್ಲಿ 135 ಗೆದ್ದ ಕಾಂಗ್ರೆಸ್ ಅದನ್ನು ಉಳಿಸಿಕೊಂಡೀತೆ, ಇನ್ನೂ ಬೆಳೆಸೀತೆ ಎಂಬ ಲೆಕ್ಕ ಆಗಲೇ ಚಹಾದಂಗಡಿಗಳಲ್ಲೂ ಪಕ್ಷದ ಕಚೇರಿಗಳಲ್ಲೂ ನಡೆಯುತ್ತಿದೆ. ನನಗೆ ಆ ಲೆಕ್ಕಕ್ಕೆ ಉತ್ತರ ಹುಡುಕಬೇಕೆನಿಸಿದಾಗಲೆಲ್ಲ ಕಣ್ಣು ಹಿಂದಕ್ಕೇ ಹೋಗುತ್ತದೆ, ಆ ಒಂದೇ ಒಂದು ಸಲಕ್ಕೆ.

ಸಾಲದ ಮೇಲೆ ನಿಂತ ಸರ್ಕಾರ

1983ರ ಜನವರಿಯಲ್ಲಿ ಹೆಗಡೆ ಮುಖ್ಯಮಂತ್ರಿಯಾದಾಗ ಅವರ ಕೈಯಲ್ಲಿ ಬಹುಮತ ಇರಲಿಲ್ಲ. ಹಿಂದಿನ ಮುಖ್ಯಮಂತ್ರಿ ಗುಂಡೂರಾಯರ ಆಡಳಿತದ ಮೇಲಿನ ಸಿಟ್ಟು, ನರಗುಂದ ನವಲಗುಂದದ ರೈತರ ಮೇಲಿನ ಗೋಲಿಬಾರು, ಡಾ. ರಾಜ್‌ಕುಮಾರ್ ಬೀದಿಗಿಳಿದ ಗೋಕಾಕ್ ಚಳವಳಿ, ಇವೆಲ್ಲ ಕೂಡಿ ಕಾಂಗ್ರೆಸ್ಸನ್ನು ಮೊದಲ ಸಲ ಕೆಳಗಿಳಿಸಿದ್ದವು. ಆದರೂ ಜನತಾ ಪಕ್ಷ ಮತ್ತು ಕ್ರಾಂತಿರಂಗ ಒಟ್ಟು ಸೇರಿ ಮುಟ್ಟಿದ್ದು 95. ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18, ಎಡಪಕ್ಷಗಳಿಗೆ ಒಂದಿಷ್ಟು, ಉಳಿದವರಲ್ಲಿ ಹೆಚ್ಚಿನವರು ಪಕ್ಷೇತರರು. ಮುಖ್ಯಮಂತ್ರಿಯಾದವರು ಆಗ ವಿಧಾನಸಭೆಯ ಸದಸ್ಯರೂ ಅಲ್ಲ. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಸದನಕ್ಕೆ ಬಂದರು. ಕ್ರಾಂತಿರಂಗದ ಬಂಗಾರಪ್ಪ ತಮಗೆ ಬರಬೇಕಾದ ಕುರ್ಚಿ ಕೈತಪ್ಪಿತೆಂದು ಮುನಿಸಿಕೊಂಡು ಕಾಂಗ್ರೆಸ್ಸಿಗೆ ಮರಳಿದರು.

ಹೀಗೆ ಬಿಜೆಪಿ ಮತ್ತು ಎಡಪಕ್ಷಗಳ ಬೆಂಬಲವನ್ನು ಒಟ್ಟಿಗೇ ಕೈಸಾಲ ಪಡೆದು ನಡೆಸಿದ ಸರ್ಕಾರ ಅದು. ದಿನ ಬೆಳಗಾದರೆ ಬೇರೆಯವರ ಬಾಗಿಲು ತಟ್ಟಲೇಬೇಕು. ಕೈಯಲ್ಲಿ ಸೀಟು ಕಡಿಮೆ ಇದ್ದದ್ದೇ ಆ ಎರಡು ವರ್ಷ ಸರ್ಕಾರವನ್ನು ಎಚ್ಚರವಾಗಿ ಇಟ್ಟಿತು ಎಂದು ನಾನು ಬಲವಾಗಿ ನಂಬುತ್ತೇನೆ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಅಧಿಕಾರ ಹಂಚುವ ಮಸೂದೆ ಬಂದದ್ದು 1983ರಲ್ಲಿ. ಮಹಿಳೆಯರಿಗೆ ಕಾಲು ಭಾಗ ಸ್ಥಾನ ಮೀಸಲಿಟ್ಟ ಕಾಯ್ದೆ ಅದು. ಅದರ ಪ್ರಕಾರ ಚುನಾವಣೆ ನಡೆಯಲು 1987ರವರೆಗೆ ಕಾಯಬೇಕಾಯಿತು. ಲೋಕಾಯುಕ್ತ ಕಾಯ್ದೆ 1984ರದು. ಇವು ವಿಧಾನಸೌಧದ ಕೆಲಸ. ಬಯಲುಸೀಮೆಯ ಹಳ್ಳಿಗಳಿಗೆ ಮುಟ್ಟಿದ ಕೆಲಸ ಬೇರೆಯೇ ಇತ್ತು. ಬರಗಾಲದ ನಡುವೆ ಅಬ್ದುಲ್ ನಜೀರ್ ಸಾಬರು ಊರೂರಿಗೆ ಕೊಳವೆಬಾವಿ ಕೊರೆಸುತ್ತ ಹೋದರು. ಕೈಪಂಪಿನ ಹಿಡಿ ಒತ್ತಿದ ಹೆಂಗಸರು ಮಂತ್ರಿಯ ಹೆಸರನ್ನೇ ತಿದ್ದಿ ‘ನೀರ್ ಸಾಬ್’ ಅಂದರು. ನಮ್ಮಲ್ಲಿ ಜನ ಒಬ್ಬ ಮಂತ್ರಿಗೆ ತಾವಾಗಿ ಹೆಸರಿಟ್ಟದ್ದು, ಅದೂ ಪ್ರೀತಿಯಿಂದ ಇಟ್ಟದ್ದು, ಬಹಳ ಅಪರೂಪ.

ಆಮೇಲೆ ಬಂತು ಇಂದಿರಾ ಗಾಂಧಿಯವರ ಹತ್ಯೆ, ಅದರ ಬೆನ್ನಿಗೇ ದೇಶವಿಡೀ ಅನುಕಂಪದ ಅಲೆ. ಲೋಕಸಭೆಯಲ್ಲಿ ಸೋತದ್ದು ರಾಜ್ಯ ಸರ್ಕಾರಕ್ಕೆ ಸಂಬಂಧಿಸಿದ್ದಲ್ಲ ಎಂದು ಹೇಳಿ ಕುರ್ಚಿಯಲ್ಲಿ ಕೂತಿರಲು ಹೆಗಡೆಯವರಿಗೆ ಕಾನೂನಿನ ಅಡ್ಡಿ ಇರಲಿಲ್ಲ. ಇನ್ನೂ ಮೂರು ವರ್ಷ ಅವಧಿ ಬಾಕಿಯಿತ್ತು. ಅವರು ರಾಜೀನಾಮೆ ಕೊಟ್ಟರು, ವಿಧಾನಸಭೆ ವಿಸರ್ಜಿಸಿ ಹೊಸ ತೀರ್ಪು ಕೇಳಿದರು. ಇದರಲ್ಲಿ ಲೆಕ್ಕಾಚಾರವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಕಾಂಗ್ರೆಸ್ಸಿನ ಗಾಳಿ ನೋಡಿ ಒಬ್ಬೊಬ್ಬರೇ ಶಾಸಕರು ಜಾರುವ ಮೊದಲು ಜನರ ಬಳಿ ಹೋಗುವುದು ಜಾಣತನವೂ ಆಗಿತ್ತು. ಆದರೆ ಸೋತವರೇ ಎದ್ದು ಬಂದು ‘ನಾವು ಇಲ್ಲಿ ಇರಬೇಕೋ ಬೇಡವೋ ನೀವೇ ಹೇಳಿ’ ಎಂಬಂತೆ ನಿಂತದ್ದನ್ನು ಕರ್ನಾಟಕ ಅದಕ್ಕೂ ಮುಂಚೆ ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಇನ್ನೊಂದು ಸಂಗತಿ ಈ ಕಥೆಗೆ ಅಂಟಿಕೊಂಡೇ ಇದೆ. ಪಕ್ಷಾಂತರ ತಡೆಯುವ 52ನೇ ಸಂವಿಧಾನ ತಿದ್ದುಪಡಿ ಜಾರಿಗೆ ಬಂದದ್ದು 1985ರ ಮಾರ್ಚ್ 1ರಂದು, ಅಂದರೆ ಆ ಮತದಾನಕ್ಕೆ ಕೆಲವೇ ದಿನ ಮುಂಚೆ. ಬಹುಮತ ಬೆಳೆಸಲು ಇದ್ದ ಹಿಂಬಾಗಿಲಿಗೆ ಕಾನೂನು ಚಿಲಕ ಹಾಕುತ್ತಿದ್ದ ಹೊತ್ತಿಗೇ ಇಲ್ಲಿ ಒಂದು ಪಕ್ಷ ಮುಂಬಾಗಿಲಿನಿಂದ ಬಹುಮತ ತಂದಿತು.

ಚದುರಿದ ಮತ, ಕೂಡಿದ ಮತ

ಆ 139 ಬಂದದ್ದು ಎಲ್ಲಿಂದ? ಜನತಾ ಪಕ್ಷಕ್ಕೆ ಹೆಚ್ಚಾದ ಸೀಟು 44. ಕಾಂಗ್ರೆಸ್ ಕಳೆದುಕೊಂಡದ್ದು 17, ಬಿಜೆಪಿ 18ರಿಂದ 2ಕ್ಕೆ ಕುಸಿದು ಕಳೆದುಕೊಂಡದ್ದು 16, ಪಕ್ಷೇತರರು ಮತ್ತು ಸಣ್ಣ ಪಕ್ಷಗಳು 11. ಅಂದರೆ ಹೆಚ್ಚಿನ ಪಾಲು ಬಂದದ್ದು ವೈರಿಯಿಂದಲ್ಲ, ಬೆಂಬಲ ಕೊಟ್ಟವರಿಂದ ಮತ್ತು ನಡುವೆ ನಿಂತವರಿಂದ. ಮತಪ್ರಮಾಣ ನೋಡಿದರೆ ಇನ್ನೂ ಸ್ಪಷ್ಟ. ಕಾಂಗ್ರೆಸ್ಸಿಗೆ 1983ರಲ್ಲೂ ಸುಮಾರು ಶೇ 40, 1985ರಲ್ಲೂ ಸುಮಾರು ಶೇ 41. ಅದರ ಮತದಾರರು ಅದನ್ನು ಬಿಟ್ಟು ಹೋಗಿರಲೇ ಇಲ್ಲ. ಜನತಾ ಪಕ್ಷದ ಪಾಲು ಮಾತ್ರ ಶೇ 33ರಿಂದ ಶೇ 44ರ ಹತ್ತಿರಕ್ಕೆ ಏರಿತು. ಕಾಂಗ್ರೆಸ್ ಬೇಡ ಎನ್ನುವವರು ಮೊದಲ ಸಲ ಹತ್ತು ಕಡೆ ಚದುರಿದ್ದರು, ಎರಡನೇ ಸಲ ಒಂದೇ ಮನೆಗೆ ಬಂದು ಸೇರಿದರು.

ಕರ್ನಾಟಕದ ಚುನಾವಣೆಯ ಮರ್ಮ ಇಲ್ಲಿದೆ ಎಂದು ನನ್ನ ತಿಳಿವಳಿಕೆ. ಆಳುವ ಪಕ್ಷದ ಸೀಟು ಅದರ ಸ್ವಂತ ಮತದಿಂದ ತೀರ್ಮಾನವಾಗುವುದಕ್ಕಿಂತ ಹೆಚ್ಚಾಗಿ ಉಳಿದವರ ಮತ ಎಲ್ಲಿಗೆ ಹರಿಯಿತು ಎಂಬುದರಿಂದ ತೀರ್ಮಾನವಾಗುತ್ತದೆ. ಈಚಿನ ಉದಾಹರಣೆ ನೋಡಿ. 2018ರಲ್ಲಿ ಬಿಜೆಪಿಗೆ ಬಿದ್ದ ಮತ ಶೇ 36ರ ಚೂರು ಮೇಲೆ, ಸೀಟು 104. 2023ರಲ್ಲೂ ಶೇ 36, ಸೀಟು 66. ಮತ ಅಲ್ಲಾಡಲಿಲ್ಲ, 38 ಸೀಟು ಮಾಯವಾದವು. ಎಲ್ಲಿ ಹೋದವು? ಜೆಡಿಎಸ್ ಶೇ 18ರಿಂದ ಶೇ 13ಕ್ಕೆ ಇಳಿಯಿತು, ಕಾಂಗ್ರೆಸ್ ಶೇ 38ರಿಂದ ಸುಮಾರು ಶೇ 43ಕ್ಕೆ ಏರಿತು. ತ್ರಿಕೋನದ ಒಂದು ಮೂಲೆ ಸವೆದದ್ದಕ್ಕೆ ಇನ್ನೊಂದು ಮೂಲೆ ದಪ್ಪವಾಯಿತು, ಮೂರನೆಯದು ಇದ್ದಲ್ಲೇ ಇದ್ದು ಸೋತಿತು.

ಸಿದ್ದರಾಮಯ್ಯನವರ ಮೊದಲ ಅವಧಿಯ ಅನುಭವ ಇದಕ್ಕಿಂತ ಕಹಿ. ಐದು ವರ್ಷ ಪೂರ್ತಿ ಆಳಿದರು. ಅರಸರ ನಂತರ ಅಂಥದ್ದು ಆದದ್ದು ಆಗಲೇ. ಅನ್ನಭಾಗ್ಯ, ಕ್ಷೀರಭಾಗ್ಯ, ಇಂದಿರಾ ಕ್ಯಾಂಟೀನ್ ಎಂದು ಬಡವರ ತಟ್ಟೆಗೆ ನೇರವಾಗಿ ತಲುಪಿದ ಯೋಜನೆಗಳಿದ್ದವು. 2013ರಲ್ಲಿ ಶೇ 37ರ ಒಳಗಿದ್ದ ಕಾಂಗ್ರೆಸ್ಸಿನ ಮತ 2018ರಲ್ಲಿ ಶೇ 38 ಆಯಿತು. ಉಂಡವರು ಮರೆಯಲಿಲ್ಲ. ಆದರೂ ಸೀಟು 122ರಿಂದ 80ಕ್ಕೆ ಬಿತ್ತು. ಮುಖ್ಯಮಂತ್ರಿಯೇ ಚಾಮುಂಡೇಶ್ವರಿಯಲ್ಲಿ ಸೋತು ಬಾದಾಮಿಯಲ್ಲಿ 1,696 ಮತಗಳಿಂದ ಉಳಿದುಕೊಂಡರು. ಕಾರಣ 2013ರ ಲೆಕ್ಕದಲ್ಲೇ ಅಡಗಿತ್ತು. ಆಗ ಯಡಿಯೂರಪ್ಪನವರ ಕೆಜೆಪಿ ಶೇ 10ರ ಹತ್ತಿರ ಮತ ಒಡೆದಿತ್ತು, ಶ್ರೀರಾಮುಲು ಅವರ ಪಕ್ಷ ಇನ್ನಷ್ಟು ಒಡೆದಿತ್ತು. ಬಿಜೆಪಿಯ ಮನೆ ಮೂರು ಪಾಲಾಗಿದ್ದಕ್ಕೆ ಕಾಂಗ್ರೆಸ್ಸಿಗೆ 122 ಬಂದಿತ್ತು. ಐದು ವರ್ಷದಲ್ಲಿ ಅಣ್ಣತಮ್ಮಂದಿರು ರಾಜಿಯಾದರು, ಬೇಲಿ ಕಿತ್ತರು, ಹೊಲ ಒಂದಾಯಿತು.

ಈ ಲೆಕ್ಕವನ್ನು 2028ಕ್ಕೆ ಹಚ್ಚಿ ನೋಡಿದರೆ ಆಳುವ ಪಕ್ಷದವರಿಗೆ ನಿದ್ದೆ ಬರಬಾರದು. 2023ರ ಸೆಪ್ಟೆಂಬರ್‌ನಲ್ಲಿ ಬಿಜೆಪಿ ಮತ್ತು ಜೆಡಿಎಸ್ ಕೈ ಜೋಡಿಸಿದವು. ಮರುವರ್ಷದ ಲೋಕಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಮತ ಶೇ 45 ದಾಟಿತು, ಅಂದರೆ 135 ಗೆದ್ದ ವಿಧಾನಸಭೆ ಚುನಾವಣೆಗಿಂತ ಹೆಚ್ಚು. ಗೆದ್ದದ್ದು 28ರಲ್ಲಿ 9. ಮೈತ್ರಿಗೆ ಬಂದದ್ದು 19. ಮತ ಹೆಚ್ಚಿದರೂ ಸೀಟು ಸಿಗದೆ ಹೋಗುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕಿಲ್ಲ.

ಲೋಕಸಭೆಗೆ ಹಾಕಿದ ಹಾಗೆ ವಿಧಾನಸಭೆಗೂ ಹಾಕುತ್ತಾರೆ ಎಂದುಕೊಳ್ಳುವುದೂ ತಪ್ಪು. 1984-85ರ ನಾಡು ಇದು. 2024ರ ಲೋಕಸಭೆ ಚುನಾವಣೆ ಮುಗಿದ ಆರು ತಿಂಗಳಿಗೆ, ಅದೇ ವರ್ಷದ ನವೆಂಬರ್‌ನಲ್ಲಿ, ಚನ್ನಪಟ್ಟಣ, ಶಿಗ್ಗಾವಿ, ಸಂಡೂರಿನ ಉಪಚುನಾವಣೆ ನಡೆಯಿತು. ಚನ್ನಪಟ್ಟಣ ಕುಮಾರಸ್ವಾಮಿಯವರು ಬಿಟ್ಟ ಕ್ಷೇತ್ರ, ಶಿಗ್ಗಾವಿ ಬಸವರಾಜ ಬೊಮ್ಮಾಯಿಯವರು ಬಿಟ್ಟ ಕ್ಷೇತ್ರ. ಎರಡರಲ್ಲೂ ಅವರ ಮಕ್ಕಳೇ ಕಣದಲ್ಲಿದ್ದರು. ಮೂರೂ ಕಾಂಗ್ರೆಸ್ಸಿಗೆ ಹೋದವು. ಎರಡು ಪಕ್ಷದ ನಾಯಕರು ಒಂದೇ ವೇದಿಕೆಯಲ್ಲಿ ಕೈ ಎತ್ತಿದ ಮಾತ್ರಕ್ಕೆ ಹಳ್ಳಿಯಲ್ಲಿ ಮೂವತ್ತು ವರ್ಷ ಎದುರುಬದುರು ನಿಂತ ಕಾರ್ಯಕರ್ತರು ಒಂದಾಗುವುದಿಲ್ಲ. ಲೋಕಸಭೆಯಲ್ಲಿ ಒಂದಾದವರು ಗ್ರಾಮ ಪಂಚಾಯಿತಿಯ ಪಡಸಾಲೆಯಲ್ಲಿ ಮತ್ತೆ ಬೇರೆ ಬೇರೆ ಕುರ್ಚಿಯಲ್ಲೇ ಕೂರುತ್ತಾರೆ. ಮೈತ್ರಿಯ ಮತ ಕೂಡುವುದು ಸ್ಲೇಟಿನ ಮೇಲೆ ಸುಲಭ.

ತುಂಬಿದ ಮನೆಯ ಜಗಳ

ದೊಡ್ಡ ಬಹುಮತ ಬಂದಾಗ ಪಕ್ಷದವರು ಪಟಾಕಿ ಹೊಡೆಯುತ್ತಾರೆ. ನನಗೆ ಆಗೆಲ್ಲ 1989 ನೆನಪಾಗುತ್ತದೆ. ಜನತಾ ಪರಿವಾರ ಎರಡಾಗಿತ್ತು. ಜನತಾ ದಳ ಶೇ 27ರಷ್ಟು ಮತ ಪಡೆದು 24 ಸೀಟಿಗೆ ನಿಂತಿತು, ದೇವೇಗೌಡರಿದ್ದ ಜನತಾ ಪಕ್ಷ ಶೇ 11ರಷ್ಟು ಪಡೆದು ಎರಡಕ್ಕೆ ಇಳಿಯಿತು. ಗೌಡರೂ ಹೊಳೆನರಸೀಪುರದಲ್ಲಿ ಸೋತರು. ಆ ಎರಡು ಪಕ್ಷಗಳ ಜಗಳದಲ್ಲಿ ವೀರೇಂದ್ರ ಪಾಟೀಲರ ಕಾಂಗ್ರೆಸ್ಸಿಗೆ 178 ಸೀಟು. ಏಕೀಕೃತ ಕರ್ನಾಟಕದ ಅತಿ ದೊಡ್ಡ ಸಂಖ್ಯೆ ಇವತ್ತಿಗೂ ಅದೇ. ಎದುರಿಗೆ ಹೆದರಬೇಕಾದವರೇ ಇಲ್ಲದಾಗ ಒಳಗಿನವರು ಒಬ್ಬರನ್ನೊಬ್ಬರು ನೋಡತೊಡಗಿದರು. ಮರುವರ್ಷದ ಅಕ್ಟೋಬರ್‌ನಲ್ಲಿ, ಅನಾರೋಗ್ಯದಲ್ಲಿದ್ದ ಪಾಟೀಲರನ್ನು ಬದಲಿಸುವ ಮಾತನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಆಡಿಬಿಟ್ಟರು. ಆ ಗಾಯ ಲಿಂಗಾಯತರಲ್ಲಿ ದಶಕಗಟ್ಟಲೆ ಮಾಯಲಿಲ್ಲ. ಬಂಗಾರಪ್ಪ ಬಂದರು, ಅವರನ್ನು ಇಳಿಸಿ ವೀರಪ್ಪ ಮೊಯಿಲಿ ಬಂದರು, ಬಂಗಾರಪ್ಪ ಬೇರೆ ಪಕ್ಷ ಕಟ್ಟಿದರು. 1994ರಲ್ಲಿ 178ರ ಪಕ್ಷಕ್ಕೆ ಉಳಿದದ್ದು 34, ಬಂಗಾರಪ್ಪನವರ ಪಕ್ಷಕ್ಕೆ 10.

ಹೆಗಡೆಯವರ 139 ಕೂಡ ಹೊರಗಿನವರ ಏಟಿಗೆ ಬೀಳಲಿಲ್ಲ. ಸಾಲದ ಮೇಲೆ ನಿಂತಿದ್ದಾಗ ಗಟ್ಟಿಯಾಗಿದ್ದ ಸರ್ಕಾರ ಸ್ವಂತ ಆಸ್ತಿ ಬಂದ ಮೇಲೆ ಬಿರುಕು ಬಿಟ್ಟಿತು. ಹೆಗಡೆ-ದೇವೇಗೌಡರ ವೈಮನಸ್ಸು, ದೂರವಾಣಿ ಕದ್ದಾಲಿಕೆಯ ವಿವಾದ, 1988ರಲ್ಲಿ ಹೆಗಡೆ ರಾಜೀನಾಮೆ, ಎಸ್.ಆರ್. ಬೊಮ್ಮಾಯಿ ಪದಗ್ರಹಣ. ಮರುವರ್ಷದ ಏಪ್ರಿಲ್‌ನಲ್ಲಿ 19 ಶಾಸಕರ ಬೆಂಬಲ ವಾಪಸಾತಿಯ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಮೇಜಿಗೆ ಬಂದವು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಬೊಮ್ಮಾಯಿ ಕೇಳಿದ ಅವಕಾಶ ಸಿಗಲಿಲ್ಲ, ಸರ್ಕಾರ ವಜಾ ಆಯಿತು. ಐದು ವರ್ಷದ ನಂತರ, 1994ರ ಮಾರ್ಚ್ 11ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತ ಎಣಿಸಬೇಕಾದ ಜಾಗ ರಾಜಭವನವಲ್ಲ, ಸದನ ಎಂದು ಹೇಳಿತು. ಇವತ್ತು ದೇಶದ ಯಾವ ರಾಜ್ಯದಲ್ಲಿ ಸರ್ಕಾರ ಅಲ್ಲಾಡಿದರೂ ವಕೀಲರು ಮೊದಲು ಎತ್ತುವ ಹೆಸರು ಬೊಮ್ಮಾಯಿಯವರದು. ಕರ್ನಾಟಕ ಭಾರತದ ಸಂಸದೀಯ ವ್ಯವಸ್ಥೆಗೆ ಕೊಟ್ಟ ದೊಡ್ಡ ಕೊಡುಗೆ ಹುಟ್ಟಿದ್ದು ಒಂದು ಬಹುಮತದ ಬೂದಿಯಿಂದ.

ಜನರ ಬಳಿ ಹೋಗದೆಯೇ ಬಹುಮತ ಬೆಳೆಸುವ ದಾರಿಯನ್ನೂ ನಾವೇ ದೇಶಕ್ಕೆ ತೋರಿಸಿಕೊಟ್ಟೆವು. ಅದನ್ನು ಬರೆಯುವಾಗ ನನಗೆ ನೋವಾಗುತ್ತದೆ. 2008ರಲ್ಲಿ 110ಕ್ಕೆ ನಿಂತ ಬಿಜೆಪಿಗೆ ಮೂರು ಸೀಟು ಕಡಿಮೆ ಬಿದ್ದವು. ಪಕ್ಷೇತರರು ಮಂತ್ರಿಗಳಾದರು. ಅಷ್ಟಕ್ಕೇ ನಿಲ್ಲಲಿಲ್ಲ. ಎದುರು ಪಕ್ಷದ ಶಾಸಕರು ರಾಜೀನಾಮೆ ಕೊಟ್ಟು, ಕಮಲದ ಚಿಹ್ನೆಯಲ್ಲಿ ಮತ್ತೆ ನಿಲ್ಲತೊಡಗಿದರು. ಪಕ್ಷಾಂತರ ಕಾಯ್ದೆ ಪಕ್ಷ ಬಿಟ್ಟವರನ್ನು ಹಿಡಿಯುತ್ತದೆ, ಸ್ಥಾನವನ್ನೇ ಬಿಟ್ಟವರನ್ನು ಹಿಡಿಯುವುದಿಲ್ಲ. 1985ರಲ್ಲಿ ಹಾಕಿದ ಚಿಲಕಕ್ಕೆ ಹೀಗೆ ಹೊಸ ಕೀಲಿ ಸಿಕ್ಕಿತು. ಅದಕ್ಕೆ ‘ಆಪರೇಷನ್ ಕಮಲ’ ಎಂಬ ಹೆಸರೂ ಬಿತ್ತು. ಆ ವರ್ಷದ ಕೊನೆಗೆ ನಡೆದ ಎಂಟು ಉಪಚುನಾವಣೆಗಳಲ್ಲಿ ಬಿಜೆಪಿ ಐದು ಗೆದ್ದು ಸ್ವಂತ ಬಹುಮತಕ್ಕೆ ಬಂತು. ಎರಡು ವರ್ಷ ಆಗುವಷ್ಟರಲ್ಲಿ ಅದೇ ಪಕ್ಷದ 11 ಶಾಸಕರು ತಿರುಗಿಬಿದ್ದು ಅನರ್ಹರಾದರು. ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಆಮೇಲೆ ರದ್ದು ಮಾಡಿತು. ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳು, 2013ರಲ್ಲಿ 40 ಸೀಟು.

2019ರಲ್ಲಿ ಅದೇ ನಾಟಕ ದೊಡ್ಡ ರಂಗಮಂಚದಲ್ಲಿ ಮರುಕಳಿಸಿತು. ಕಾಂಗ್ರೆಸ್-ಜೆಡಿಎಸ್ ಶಾಸಕರು ಮುಂಬೈಯ ಹೋಟೆಲಿನಲ್ಲಿದ್ದರು, ಸದನದಲ್ಲಿ ದಿನಗಟ್ಟಲೆ ಚರ್ಚೆ ಎಳೆಯಿತು. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99-105ರಲ್ಲಿ ಬಿತ್ತು. ಹದಿನೇಳು ಮಂದಿ ಅನರ್ಹರಾದರು. ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ ಉಪಚುನಾವಣೆಗೆ ನಿಲ್ಲಲು ಅವರಿಗೆ ಬಿಟ್ಟಿತು. ಡಿಸೆಂಬರ್‌ನಲ್ಲಿ ನಡೆದ 15ರಲ್ಲಿ ಬಿಜೆಪಿ 12 ಗೆದ್ದಿತು. ಮತದಾರರು ಒಪ್ಪಿದ್ದಾರಲ್ಲ, ಇನ್ನೇನು ತಕರಾರು ಎಂದು ಆಗ ಕೇಳಿದವರಿದ್ದರು. ಉತ್ತರ 2023ರಲ್ಲಿ ಬಂತು. ಹಾಗೆ ಬಂದು ಮಂತ್ರಿಗಳಾದವರಲ್ಲಿ ಚಿಕ್ಕಬಳ್ಳಾಪುರದ ಸುಧಾಕರ್, ಹಿರೇಕೆರೂರಿನ ಬಿ.ಸಿ. ಪಾಟೀಲ, ಕೆ.ಆರ್. ಪೇಟೆಯ ನಾರಾಯಣಗೌಡ ಎಲ್ಲರೂ ಸೋತರು. ಉಪಚುನಾವಣೆಯಲ್ಲಿ ಜನ ಅಧಿಕಾರದ ಕಡೆ ವಾಲುವುದುಂಟು. ರಸ್ತೆ ಬೇಕು, ಕೆರೆಗೆ ನೀರು ಬೇಕು, ಸರ್ಕಾರ ಯಾರದೋ ಅವರ ಮನುಷ್ಯ ಇರಲಿ ಎಂಬ ವ್ಯವಹಾರ ಅದು. ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಬೇರೆ ಪುಸ್ತಕ ತೆರೆದು ಬಾಕಿ ವಸೂಲು ಮಾಡುತ್ತಾರೆ.

ಅವಧಿಗೆ ಮುಂಚೆ ಚುನಾವಣೆ ಕರೆದರೆ ಸೀಟು ಬೆಳೆಯುತ್ತದೆ ಎಂಬ ಪಾಠವನ್ನೂ ಕೆಲವರು 1985ರಿಂದ ಕಲಿತರು. ತೆಲಂಗಾಣದ ಕೆ. ಚಂದ್ರಶೇಖರ ರಾವ್ 2018ರಲ್ಲಿ ಹಾಗೆ ಮಾಡಿ 63 ಇದ್ದದ್ದನ್ನು 88 ಮಾಡಿಕೊಂಡರು. ಆಮೇಲೆ ಕಾಂಗ್ರೆಸ್ಸಿನ 12 ಶಾಸಕರನ್ನು ಒಳಗೆ ಸೇರಿಸಿಕೊಂಡರು. 2023ರಲ್ಲಿ 39ಕ್ಕೆ ಇಳಿದರು. ನಮ್ಮಲ್ಲೇ ಎಸ್.ಎಂ. ಕೃಷ್ಣ 2004ರಲ್ಲಿ ಕೆಲವು ತಿಂಗಳು ಮುಂಚೆಯೇ ಸದನ ವಿಸರ್ಜಿಸಿ ಲೋಕಸಭೆಯ ಜೊತೆಗೇ ಚುನಾವಣೆಗೆ ಹೋದರು. ಬೆಂಗಳೂರಿನ ಹೆಸರು ಜಗತ್ತಿಗೆಲ್ಲ ಮುಟ್ಟಿದ್ದ ಕಾಲ ಅದು. ಹಳ್ಳಿಗಳಲ್ಲಿ ಮಾತ್ರ ವರ್ಷದ ಮೇಲೆ ವರ್ಷ ಬರ, ರೈತರ ಆತ್ಮಹತ್ಯೆ. ಕಾಂಗ್ರೆಸ್ 132ರಿಂದ 65ಕ್ಕೆ ಬಿತ್ತು. ದಿನಾಂಕ ಹಿಂದೆ ಮುಂದೆ ಮಾಡುವುದರಲ್ಲಿ ಮದ್ದಿಲ್ಲ. ಹೆಗಡೆಯವರು ಬೇಗ ಹೋದದ್ದಕ್ಕೆ ಗೆಲ್ಲಲಿಲ್ಲ. ಹೋಗುವಾಗ ಕೈಯಲ್ಲಿ ಎರಡು ವರ್ಷದ ಕೆಲಸವಿತ್ತು, ಕೇಳುವ ಪ್ರಶ್ನೆ ಪ್ರಾಮಾಣಿಕವಾಗಿತ್ತು.

ಇನ್ನೂ ಜಾಗ ಇರುವುದೆಲ್ಲಿ

135ರ ಮೇಲೆ ಬೆಳೆಯಬೇಕಾದರೆ ಕಾಂಗ್ರೆಸ್ ಎಲ್ಲಿ ಬೆಳೆಯಬೇಕು? ಚಿಕ್ಕಮಗಳೂರಿನ ಐದಕ್ಕೆ ಐದು, ಕೊಡಗಿನ ಎರಡಕ್ಕೆ ಎರಡು, ಬಳ್ಳಾರಿಯ ಐದಕ್ಕೆ ಐದು 2023ರಲ್ಲೇ ಬಂದಿವೆ. ಅಲ್ಲಿ ಇನ್ನು ಕಳೆದುಕೊಳ್ಳುವುದಷ್ಟೇ ಸಾಧ್ಯ. ಮಂಡ್ಯದ ಏಳರಲ್ಲಿ ಐದು ಅವರದೇ. ಹಳೇ ಮೈಸೂರಿನ ಆ ಗೆಲುವು ಜೆಡಿಎಸ್ ಸವೆದದ್ದರ ಫಲ, ಮೈತ್ರಿ ಗಟ್ಟಿಯಾದರೆ ಮೊದಲು ಅಲ್ಲಾಡುವುದೂ ಅಲ್ಲೇ. ಜಾಗ ಖಾಲಿ ಇರುವುದು ಎರಡು ಕಡೆ. ಕರಾವಳಿಯ ಮೂರು ಜಿಲ್ಲೆಗಳ 19ರಲ್ಲಿ ಬಿಜೆಪಿಗೆ 13, ಉಡುಪಿಯಲ್ಲಂತೂ ಐದಕ್ಕೆ ಐದು. ಬೆಂಗಳೂರು ನಗರದ 28ರಲ್ಲಿ ಬಿಜೆಪಿಗೆ 16. ಜಯನಗರವನ್ನು ಕಾಂಗ್ರೆಸ್ ಕಳೆದುಕೊಂಡದ್ದು ಮರುಎಣಿಕೆಯಲ್ಲಿ, 16 ಮತಗಳಿಂದ. 2004ರಲ್ಲಿ ಸಂತೆಮರಹಳ್ಳಿ ಒಂದೇ ಒಂದು ಮತದಿಂದ ತೀರ್ಮಾನವಾದ ರಾಜ್ಯ ಇದು, ಹಾಗಾಗಿ ಹದಿನಾರನ್ನು ಸಣ್ಣದೆನ್ನಲು ನನಗೆ ಮನಸ್ಸಾಗುವುದಿಲ್ಲ.

ಕಾಂಗ್ರೆಸ್ ಸರ್ಕಾರದ ಐದು ಗ್ಯಾರಂಟಿಗಳು ಈ ಎರಡು ಕಡೆ ಬೇರೆ ಬೇರೆ ರೀತಿ ಮುಟ್ಟುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡದೆ ಓಡಾಡುತ್ತಿದ್ದಾರೆ. ಆದರೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ಮೊದಲಿನಿಂದಲೂ ಖಾಸಗಿ ಬಸ್ಸುಗಳದೇ ಕಾರುಬಾರು, ಅಲ್ಲಿ ಆ ಯೋಜನೆಗೆ ಚಕ್ರ ಕಡಿಮೆ. ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಬಯಲುಸೀಮೆಯ ಅಡುಗೆಮನೆಯಲ್ಲಿ ಇಡೀ ತಿಂಗಳ ದಿನಸಿಗೆ ಆಸರೆ, ಬೆಂಗಳೂರಿನಲ್ಲಿ ಬಾಡಿಗೆಯ ಒಂದು ಚೂರು. ಈ ಹಣವನ್ನು ಬಿಟ್ಟಿ ಭಾಗ್ಯ ಎಂದು ಹೀಯಾಳಿಸುವವರ ಜೊತೆ ನಾನಿಲ್ಲ. ಹೆಂಡತಿಯ ಹೆಸರಿನ ಬ್ಯಾಂಕ್ ಖಾತೆಗೆ ದುಡ್ಡು ಬಂದರೆ ಮನೆಯೊಳಗಿನ ಮಾತಿನ ತೂಕ ಬದಲಾಗುತ್ತದೆ, ಅದು ಸಣ್ಣ ಸಂಗತಿಯಲ್ಲ. ಆದರೆ ಮೂರನೇ ವರ್ಷಕ್ಕೆ ಅದು ಕೊಡುಗೆಯಾಗಿ ಉಳಿಯುವುದಿಲ್ಲ, ಹಕ್ಕಾಗುತ್ತದೆ. ಕಂತು ತಡವಾದರೆ ಸಿಟ್ಟು ಬರುತ್ತದೆ, ಸರಿಯಾಗಿ ಬಂದರೆ ಯಾರೂ ಕೈಮುಗಿಯುವುದಿಲ್ಲ. ಮುಗಿಯಬೇಕಾಗಿಯೂ ಇಲ್ಲ. ಇದ್ದ ಮತವನ್ನು ಗ್ಯಾರಂಟಿ ಹಿಡಿದಿಟ್ಟೀತು. 2018ರ ಶೇ 38 ಹೇಳುವುದೂ ಅದನ್ನೇ. ಹೊಸ ಸೀಟು ತರಲು ಬೇರೆ ಏನಾದರೂ ಬೇಕು.

ಅದರ ಜೊತೆಗೆ ಮನೆಯೊಳಗಿನ ಮಾತು. 2023ರ ಮೇ 13ರಂದು ಫಲಿತಾಂಶ ಬಂದರೂ ಮುಖ್ಯಮಂತ್ರಿ ಯಾರೆಂದು ರಾಜ್ಯಕ್ಕೆ ತಿಳಿದದ್ದು 18ರಂದು, ದಿಲ್ಲಿಯಿಂದ. ಸಿದ್ದರಾಮಯ್ಯನವರೋ ಡಿ.ಕೆ. ಶಿವಕುಮಾರರೋ ಎಂಬ ಆ ಐದು ದಿನದ ಪ್ರಶ್ನೆ ಪ್ರಮಾಣವಚನದೊಂದಿಗೆ ಮುಗಿಯಲಿಲ್ಲ, ಸರ್ಕಾರದ ಬೆನ್ನಿಗೇ ನಡೆದು ಬಂತು. 178ರ ಕಥೆ ಗೊತ್ತಿದ್ದವರು ಇದನ್ನು ಹಗುರವಾಗಿ ನೋಡಲಾರರು. ಎದುರು ಮನೆಯಲ್ಲೂ ಬಣ ಜಗಳ ಇದೆ ಎಂಬುದು ಸಮಾಧಾನವಾಗಬಾರದು. ಅವರ ಜಗಳ ಮುಗಿದ ದಿನ ಇವರ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ, 2013 ಮತ್ತು 2018ರ ನಡುವೆ ಆದ ಹಾಗೆ.

ಆಳುವ ಪಕ್ಷ ಬೆಳೆಯಲೇ ಆಗದು ಎಂಬ ಶಾಪವೇನೂ ನಮ್ಮ ನೆಲಕ್ಕಿಲ್ಲ. ಐದೈದು ವರ್ಷಕ್ಕೆ ಸರ್ಕಾರ ಬದಲಿಸುವುದನ್ನು ರೂಢಿ ಮಾಡಿಕೊಂಡಿದ್ದ ಕೇರಳದವರೂ 2021ರಲ್ಲಿ ಎಡರಂಗವನ್ನು 91ರಿಂದ 99ಕ್ಕೆ ಏರಿಸಿದ್ದರು. ಪ್ರವಾಹ, ನಿಪಾ, ಕೋವಿಡ್ ಕಾಲದಲ್ಲಿ ಸರ್ಕಾರ ಮನೆ ಬಾಗಿಲಿಗೆ ಬಂದದ್ದನ್ನು ಅವರು ಕಂಡಿದ್ದರು. ನೀರ್ ಸಾಬರ ಕೈಪಂಪನ್ನು ನಮ್ಮವರು ಕಂಡ ಹಾಗೆ.

ಹೆಗಡೆಯವರು ಆ ಎರಡು ವರ್ಷದಲ್ಲಿ ನಿಂತು ಗೆದ್ದ ಕ್ಷೇತ್ರಗಳು ಎರಡು. 1983ರ ಉಪಚುನಾವಣೆಯ ಕನಕಪುರ ಇವತ್ತು ಶಿವಕುಮಾರರ ಕೋಟೆ, 2023ರಲ್ಲಿ ಅಲ್ಲಿನ ಅಂತರ ಒಂದು ಲಕ್ಷ ದಾಟಿತ್ತು. 1985ರ ಬಸವನಗುಡಿಯಲ್ಲಿ 2008ರಿಂದ ನಾಲ್ಕು ಸಲವೂ ಗೆದ್ದದ್ದು ಬಿಜೆಪಿ. ಕನಕಪುರದಲ್ಲಿ ಅಂತರ ಎರಡು ಲಕ್ಷ ಮಾಡಿದರೂ 135ಕ್ಕೆ ಒಂದೂ ಸೇರುವುದಿಲ್ಲ. ಬೆಳೆಯುವ ಮನಸ್ಸಿದ್ದವರು ಬಸವನಗುಡಿಯ ಗಾಂಧಿಬಜಾರಿನಲ್ಲಿ ಹೂವು, ಹಣ್ಣು ಕೊಳ್ಳಲು ಬಂದವರನ್ನು ತಡೆದು ನಿಲ್ಲಿಸಿ, ಇಷ್ಟು ವರ್ಷ ತಮಗೆ ಮತ ಹಾಕದವರ ಮಾತನ್ನು ಕೂತು ಕೇಳಬೇಕು. ಚುನಾವಣೆಗೆ ಇನ್ನೂ ಸಮಯ ಇರುವಾಗಲೇ ಆ ಬೀದಿಗೆ ಯಾರು ಹೋಗುತ್ತಾರೆ ಎಂದು ನಾನು ನೋಡುತ್ತಿದ್ದೇನೆ.